ಎರಡು ಕಾಡುಗಳ ನಡುವೆ ಅಲಿಮಾಸಿ

ಎಂಬಾವು ಕಾಡಿನಲ್ಲಿ ಎಂಬಾವು ಬಿಟ್ಟು ಬೇರೆ ಮರ ಸಿಗುವುದೇ ಅಪರೂಪ. ಅಂಥ ಕಾಡಿನಲ್ಲಿ ಒಂದೊಂದು ಮರದ ಮುಂದೂ ನಿಂತು, ಮಚ್ಚಿನ ತುದಿಯಿಂದ ತೊಗಟೆಯನ್ನು ಉಗುರಿನಷ್ಟು ಕೆತ್ತಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಇಡೀ ಇಟೂರಿ ಸೀಮೆಗೆ ಗೊತ್ತಿರುವ ಆ ಒಂದೇ ಹೆಸರನ್ನು ಈಗಷ್ಟೇ ಕಂಡುಹಿಡಿದವನಂತೆ ಉಚ್ಚರಿಸುತ್ತಿದ್ದವನು ಅಲಿಮಾಸಿ. ಮರ ಅಳೆಯುವ ಶಿಬಿರದಲ್ಲಿ ಹದಿನಾಲ್ಕು ವರ್ಷ ಅವನು ಹೇಳಿದ, ನಾನು ಬರೆದುಕೊಂಡೆ. ಅವನ ಹಟಕ್ಕೊಂದು ಕಾರಣವಿತ್ತು. ಒಮ್ಮೆ ಮಳೆಗೆ ಹೆದರಿ, ನಲವತ್ತು ಮರಗಳನ್ನು ಮುಟ್ಟದೆಯೇ ಎಂಬಾವು ಎಂದು ಬರೆಸಿಬಿಟ್ಟಿದ್ದ. ಅದರಲ್ಲೊಂದು ಬೇರೆ ಜಾತಿಯದೆಂದು ಆಮೇಲೆ ತಿಳಿಯಿತು. ಯಾರೂ ಬೈಯಲಿಲ್ಲ. ಅವನೇ ಎರಡು ದಿನ ಬೇಯಿಸಿದ ಬಾಳೆಕಾಯಿ ಮುಟ್ಟದೆ ಕೂತಿದ್ದ.

ಸದಾ ನೆತ್ತಿಯ ಮೇಲಿನ ಕೊಂಬೆಗಳನ್ನೇ ನೋಡುತ್ತ ನಡೆಯುವವನಾದ್ದರಿಂದ ಅವನ ಕಾಲ್ಬೆರಳುಗಳಲ್ಲಿ ಒಂದಕ್ಕೂ ನೆಟ್ಟಗಿನ ಉಗುರಿರಲಿಲ್ಲ. ಸಂತೆಯಲ್ಲಿ ಕೊಂಡ ಯಾವುದೋ ಚಳಿದೇಶದ ಉಣ್ಣೆಯ ಕೋಟು ಬೆವರಿಳಿಯುವ ಮಧ್ಯಾಹ್ನದಲ್ಲೂ ಮೈಮೇಲೆ. ಅದಕ್ಕೆ ಆರು ಜೇಬು, ಆರರಲ್ಲೂ ಎಲೆ. ಹೆಂಡತಿ ಫೈದಾ ಅದನ್ನು ಒಗೆಯಲು ಒಯ್ದಾಗಲೆಲ್ಲ ಹಳ್ಳದ ದಂಡೆಯಲ್ಲಿ ನಗೆಹಬ್ಬ. "ಗಂಡನ್ನ ಕಟ್ಕೊಂಡೆ ಅಂದ್ಕೊಂಡಿದ್ದೆ ಕಣ್ರೇ, ನೋಡಿದ್ರೆ ತಿಪ್ಪೆಗುಂಡಿ" ಎಂದು ಜೇಬುಗಳನ್ನು ನೀರಿಗೆ ಕೊಡವುತ್ತಿದ್ದಳು.

ಹಳ್ಳದ ಆಚೆ ಎಂಬಾವು, ಈಚೆ ಬೆರಕೆ ಕಾಡು. ಅದೇ ಮಣ್ಣು, ಅದೇ ಮಳೆ. ಆದರೂ ಆಚೆ ಒಂದೇ ಕುಲದ ಸಾಮ್ರಾಜ್ಯ, ಈಚೆ ನೂರಾರು ಜಾತಿಗಳ ಸಂತೆ. ಯಾಕೆ ಹೀಗೆ ಎಂದು ಕೇಳಲೆಂದೇ ದೂರದೇಶದ ವಿದ್ವಾಂಸರು ಬಂದು, ಅಳೆದು, ಜ್ವರ ಹಿಡಿಸಿಕೊಂಡು ಹೋದರು. ಅಲಿಮಾಸಿಯನ್ನು ಕೇಳಿದರೆ ಗೊಂದಲ ಇನ್ನೂ ಹೆಚ್ಚುತ್ತಿತ್ತು. "ಆಚೆ ಒಂದು ಹುಳ ಬಿದ್ರೆ ಎಲ್ಲಾ ಮರಾನೂ ತಿಂದ್ಹಾಕ್ಬೇಕು. ಆದ್ರೆ ನೋಡು, ನಮ್ಮಜ್ಜಿ ಕಾಲದಿಂದ ನಿಂತೇ ಇದೆ. ಈಚೆ ತಿಂಗಳಿಗೊಂದು ಸಿಗುತ್ತೆ, ಜೇನು, ತಿನ್ನೋ ಕಂಬಳಿಹುಳ, ಬಲೆ ಹೆಣೆಯೋ ಬಳ್ಳಿ. ಆದ್ರೆ ನೋಡು, ಎಂಬಾವು ನಾಕಾರು ವರ್ಷ ಸುಮ್ನಿದ್ದು ಒಂದ್ಸಲ ಕಾಯಿ ಉದುರಿಸ್ತು ಅಂದ್ರೆ ಕಾಡುಹಂದಿ ಹಿಂಡುಹಿಂಡೇ ಬರುತ್ತೆ, ಊರೆಲ್ಲ ಮಾಂಸ." ಅವನ 'ಆದ್ರೆ ನೋಡು' ಕೇಳಿ ಕೇಳಿ ನನಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಒಂದು ವರ್ಷ ನಕ್ಷೆ ಬರೆಯುವ ಅಧಿಕಾರಿ ಬಂದ. ಹಳ್ಳದ ಒಂದು ಪಕ್ಕ ಮಾತ್ರ ಊರಿಗೆ, ಇನ್ನೊಂದು ಮರ ಕಡಿಯುವ ಗರಗಸದವರಿಗೆ. ಯಾವುದು ಬೇಕೋ ಸಂಜೆಯೊಳಗೆ ಹೇಳಿ ಎಂದ. ನಮ್ಮೂರಲ್ಲಿ ಕಾಡಿನ ಪರ ಮಾತಾಡುವವನು ಬರಿಗೈಯಲ್ಲಿ ಮಾತಾಡುವಂತಿಲ್ಲ. ಆ ಕಾಡಿನ ಎಲೆಯನ್ನು ಸಭೆಯ ನಡುವೆ ಇಟ್ಟೇ ಬಾಯಿ ತೆರೆಯಬೇಕು. ಊರಿಗೆ ಊರೇ ಅಲಿಮಾಸಿಯತ್ತ ತಿರುಗಿತು. "ನೀನು ಯಾವ ಕಾಡಿನ ಎಲೆ ಇಟ್ರೆ ನಮಗೂ ಅದೇ" ಎಂದರು ಮುಖ್ಯಸ್ಥ ಬುಂಗಾಮುಜಿ.

ಅಲಿಮಾಸಿ ಕೋಟು ಬಿಚ್ಚಿ ಮಂಡಿಯೂರಿ ಕೂತ. ಮೊದಲು ಬೆರಕೆ ಕಾಡಿನ ಒಂದು ಎಲೆ, ಅದರ ಹೆಸರು, ಅದರ ಉಪಕಾರ, ಅದರ ಪಕ್ಕದಲ್ಲಿ ಬೆಳೆಯುವ ಇನ್ನೊಂದು, ಅದರ ಎಲೆ. ಯಾರೋ ಅದರಲ್ಲೊಂದು ಎಲೆಯನ್ನು ತೋರಿಸಿ "ಇಷ್ಟೇ ಸಾಕಲ್ಲ, ಇದೇ ಬೆರಕೆ ಕಾಡು ಅನ್ನು" ಎಂದಾಗ, "ಇದು ಒಂದು ಮರ ಕಣಪ್ಪ, ಕಾಡೆಲ್ಲಿ ಆಯ್ತು?" ಎಂದು ಗದರಿದ. ಬಿಸಿಲು ಇಳಿಯಿತು. ಅರವತ್ತು, ತೊಂಬತ್ತು, ನೂರಿಪ್ಪತ್ತು. ನಾಲ್ಕು ಜೇಬು ಖಾಲಿಯಾದವು. ಅಧಿಕಾರಿ ಎದ್ದು ನಿಂತ. ಆ ರಾಶಿಯನ್ನು ನೋಡಿ, "ಸ್ಪಷ್ಟವಾಗಿದೆ, ಈಚಿನ ಪಕ್ಕ" ಎಂದ. ಎಲ್ಲರೂ ಹೂಂ ಎಂದರು. ಉಳಿದೆರಡು ಜೇಬಿನಲ್ಲಿ ಎಂಬಾವು ಎಲೆ ಇನ್ನೂ ಇದೆಯೆಂದು ಅವನನ್ನು ಬಿಟ್ಟರೆ ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಆದರೆ ಕಾಗದ ಬರೆಯಲು ಕರೆದದ್ದೂ ನನ್ನನ್ನೇ. ಹಸಿವಾಗಿತ್ತು, ಬರೆದುಬಿಟ್ಟೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

"ನಾನಿನ್ನೂ ಮುಗಿಸಿರ್ಲಿಲ್ಲ" ಎಂದ ಅಲಿಮಾಸಿ, ಯಾರಿಗೆಂದಿಲ್ಲದೆ.

ಮುಂದಿನ ಬೇಸಗೆಯಲ್ಲಿ ಆಚೆ ದಡದಿಂದ ಗರಗಸದ ಸದ್ದು ಕೇಳತೊಡಗಿತು. ಒಂದು ಬೆಳಿಗ್ಗೆ, ಧೈರ್ಯ ಮಾಡಿ ಅವನನ್ನು ಕೇಳಿದೆ: "ಅಣ್ಣಾ, ಪೂರ್ತಿ ಇಟ್ಟಿದ್ರೆ ಯಾವ ಕಾಡು ಬೇಕು ಅಂತಿದ್ದೆ?" "ಅದನ್ನ ತಿಳ್ಕೊಳ್ಳೋಕೇ ಅಲ್ವಾ ತಮ್ಮಾ ಇಡ್ತಾ ಇದ್ದಿದ್ದು" ಎಂದ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಒಂದನ್ನು ಆಳವಾಗಿ ಬಲ್ಲವರಾದ್ದರಿಂದಲೇ ಒಂದು ಮಾತಿನಲ್ಲಿ ಅದನ್ನು ಹೇಳಿ ಮುಗಿಸಲಾರದೆ ತೊಳಲುತ್ತಾರೆ, ತಡಮಾಡುತ್ತಾರೆ. ಕಾಯುವ ವ್ಯವಧಾನವಿಲ್ಲದ ನಾವು ಅವರ ಅರ್ಧ ಮಾತನ್ನೇ ತೀರ್ಪೆಂದು ಬರೆದುಕೊಂಡು, ಊಟಕ್ಕೆ ಏಳುತ್ತೇವೆ.