ಭಾನುವಾರದವಳ ನೀಲಿ ಕಾರು

ಪಾಂಡನ್ ಎಲೆ, ಒಂದೆರಡಲ್ಲ, ಕೈತುಂಬ ಒಂದು ಕಟ್ಟು, ಹಿಂದಿನ ಗಾಜಿನ ಬುಡದಲ್ಲಿ ಮಲಗಿಸಿದ್ದಾನೆ, ಅನ್ನಕ್ಕೆ ಎರಡೇ ಎಲೆ ಹಾಕಿದರೂ ಬೀದಿಯೆಲ್ಲ ಘಮ್ಮೆನ್ನುತ್ತದೆ, ಇವನಿಗೆ ಇಷ್ಟೊಂದು ಯಾಕೆ ಬೇಕಾಯಿತು, ಯಾವ ಹೆಣ ಮುಚ್ಚಿಡುವುದಕ್ಕೆ — ದುವಾನ್ ಬಿಳಿ ಕಾರಿನೊಳಗೆ ತಲೆ ತೂರಿಸಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು, ಘಮದ ಕೆಳಗೆ ಇನ್ನೊಂದಿದೆ, ಇದ್ದೇ ಇದೆ, ಇಪ್ಪತ್ತೆಂಟು ವರ್ಷ ಅಕ್ಕಿ ನೆನೆಹಾಕಿ ಹುಳಿ ಬರಿಸಿ ಶಾವಿಗೆ ಒತ್ತಿ ಸಂತೆಯಲ್ಲಿ ಮಾರಿದವಳ ಮೂಗು ಇದು, ಒಳ್ಳೆಯ ಹುಳಿ ಯಾವುದು ಕೆಟ್ಟ ಹುಳಿ ಯಾವುದು ಅಂತ ಮಡಕೆಯ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತದೆ, ಇದು ನಿಂತ ನೀರಿನ ಹುಳಿ, ನದಿಯ ಕೆಸರು ಸೀಟಿನ ಸ್ಪಂಜಿನೊಳಗೆ ಹೊಕ್ಕು, ಒಣಗಿ, ಬಿಸಿಲಿಗೆ ಮತ್ತೆ ಬೆವೆತ ಹುಳಿ, ಎರಡು ನದಿ ಕೂಡುವ ಈ ನಕೋನ್ ಸವನ್‌ನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ ಈ ವಾಸನೆ, ನೆರೆ ಇಳಿದ ಮೇಲೆ ಮೂರು ತಿಂಗಳು ಊರಿಗೆ ಊರೇ ಹೀಗೆ ನಾರುತ್ತಿತ್ತು. ಏನಕ್ಕಾ, ಒಳಗೇ ಮನೆ ಮಾಡ್ಬಿಟ್ರಾ ಅಂತ ನಗುತ್ತಾನೆ ಕುವಾಂಗ್, ಟೆಂಟಿನ ಯಜಮಾನ, ಹಳೇ ಕಾರು ಮಾರುವ ಜಾಗಕ್ಕೆಲ್ಲ ಇಲ್ಲಿ ಟೆಂಟ್ ಅಂತಲೇ ಹೆಸರು, ತಗಡಿನ ಮಾಡು ಬಂದು ಎಷ್ಟು ವರ್ಷವಾದರೂ ಟೆಂಟೇ. ಬಿಳಿ ನಿಮಗೆ ಹೇಳಿ ಮಾಡಿಸಿದ್ದು ಅಕ್ಕಾ, ಒಬ್ಬರೇ ಓನರ್, ಹೆಂಗಸರ ಕೈಯಲ್ಲಿದ್ದ ಗಾಡಿ. ಹೆಂಗಸರ ಕೈಯಲ್ಲಿದ್ದದ್ದೇ ಇರಬಹುದು, ಆದರೆ ಬ್ರೇಕಿನ ರಬ್ಬರು ಸವೆದು ಬೋಳಾಗಿದೆ, ಸೀಟು ಬಣ್ಣಗೆಟ್ಟಿದೆ, ಸೀಟಿನ ಬೆಲ್ಟ್ ಮಾತ್ರ ನಿನ್ನೆ ಅಂಗಡಿಯಿಂದ ಬಂದ ಹಾಗೆ ಕರ್ರಗೆ ಮಿರಮಿರ, ನಾಲ್ಕಕ್ಕೆ ನಾಲ್ಕೂ, ಹಳೆಯ ಬೆಲ್ಟಿನ ಮೇಲೆ ಏನು ಕೆಸರಿನ ಗೆರೆ ಇತ್ತೋ ತಮ್ಮಾ, ಎಷ್ಟೆತ್ತರಕ್ಕೆ ಇತ್ತು ನೀರು, ಮೊಣಕಾಲಿಗೋ ಸೊಂಟಕ್ಕೋ — ಇದನ್ನು ಅವಳು ಬಾಯಿ ಬಿಟ್ಟು ಕೇಳಲಿಲ್ಲ, ಇನ್ನೂ ಇಲ್ಲ, ಹಿಂದೆ ಕೊಡೆ ಹಿಡಿದು ನಿಂತಿದ್ದಾಳೆ ಪ್ರಯೋಂಗ್ ಅಕ್ಕ, ತೀರಿಹೋದ ಗಂಡನ ಅಕ್ಕ, ಮನೆಯಲ್ಲಿ ಉಳಿದಿರುವ ಇನ್ನೊಂದೇ ಜೀವ, ಅವಳ ಕೈಚೀಲದಲ್ಲಿ ಜೋಯಿಸನು ಬರೆದುಕೊಟ್ಟ ಚೀಟಿ, ಭಾನುವಾರ ಹುಟ್ಟಿದವಳಿಗೆ ನೀಲಿ ಕೂಡದು, ಬಿಳಿ ಆದೀತು. ಬಿಳಿ ಸಿಕ್ತಲ್ಲ, ಇನ್ನೇನು ನೋಡ್ತೀಯೆ, ಬಿಸಿಲು ಅಂದಳು ಪ್ರಯೋಂಗ್ ಅಕ್ಕ.

ಬಿಸಿಲು. ಗಂಡ ತವಿನ್ ಕಾರು ಕೊಳ್ಳಲು ಹೋದ ಅವತ್ತೂ ಬಿಸಿಲೇ, ಬೇರೆ ಟೆಂಟು, ಅದೇ ಕೈಚೀಲ, ಅದೇ ಜೋಯಿಸನ ಇನ್ನೊಂದು ಚೀಟಿ, ಗುರುವಾರ ಹುಟ್ಟಿದವನಿಗೆ ಕಪ್ಪು ಆಗದು, ತವಿನ್ ಕಪ್ಪು ಕಾರಿನ ಸುತ್ತ ಮೂರು ಸುತ್ತು ಬಂದಿದ್ದ, ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು, ಆಸೆಯಿಂದ ಬಾನೆಟ್ ಸವರಿ ಸವರಿ ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ, ಅಕ್ಕ ತಲೆ ಅಲ್ಲಾಡಿಸಿದಳು, ಅಷ್ಟೇ, ಮುಗಿಯಿತು, ಬೆಳ್ಳಿ ಬಣ್ಣದ್ದಕ್ಕೆ ಹೋದರು, ಬೆಳ್ಳಿ ಗುರುವಾರಕ್ಕೆ ತಂಪು, ನಂಬರಿನ ಅಂಕಿ ಕೂಡಿದರೂ ಒಳ್ಳೆಯದೇ ಬರುತ್ತದೆ. ಒಂದು ಸುತ್ತು ಹೋಗಿಬರೋಣ ಅಂತ ತವಿನ್ ಮುಂದೆ ಕೂತ, ಹೆಂಗಸರು ಹಿಂದೆ, ಬಾಗಿಲು ಹಾಕಿದ ಕೂಡಲೇ ಮೂಗಿಗೆ ಬಡಿದದ್ದು ಇದೇ, ಇದೇ ಹುಳಿ, ಇಲ್ಲಿ ಕೆಟ್ಟ ಹುಳಿ ವಾಸನೆ ಬರ್ತಿದೆಯಲ್ಲ ಅಂದಳು ದುವಾನ್, ಅಂದೇ ಅಂದಳು, ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ, ತವಿನ್ ಕನ್ನಡಿಯಲ್ಲಿ ನೋಡಿ ನಕ್ಕ, ಇವಳಿಗೆ ಜಗತ್ತೆಲ್ಲ ಶಾವಿಗೆ ಹಿಟ್ಟಿನ ವಾಸನೆ, ನಿನ್ನ ಕೈ ಮೂಸಿ ನೋಡ್ಕೊಳೇ ಮಾರಾಯ್ತಿ, ಟೆಂಟಿನವನೂ ನಕ್ಕ, ಅವಳು — ಇದನ್ನು ಯಾರಿಗೂ ಹೇಳಿಲ್ಲ — ಅವಳು ನಿಜವಾಗಿಯೂ ಅಂಗೈ ಮೂಸಿ ನೋಡಿಕೊಂಡಳು, ಬೆಳಗ್ಗೆ ನಿಂಬೆಹುಳಿ ಹಾಕಿ ತಿಕ್ಕಿದ ಕೈ, ಏನೂ ಇರಲಿಲ್ಲ, ನಿಂಬೆ ಬಿಟ್ಟರೆ ಏನೂ ಇರಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡು ಕೂತಳು. ಯಾಕೆ ಕೂತೆ. ಶಾವಿಗೆಯವಳಿಗೆ ಕಾರಿನ ವಿಷಯ ಏನು ಗೊತ್ತು ಅಂತ ಕೂತೆ. ಗಂಡಸರು ಆರಿಸುತ್ತಾರೆ, ಚೀಟಿ ಆರಿಸುತ್ತದೆ, ಹೆಂಡತಿ ಹಿಂದೆ ಕೂತು ಹೂಮಾಲೆ ತೊಡೆಯ ಮೇಲಿಟ್ಟುಕೊಂಡು ಬರುತ್ತಾಳೆ, ಹಾಗೇ ಬಂದಳು.

ಎಷ್ಟು ತಿಕ್ಕಿದ ಆ ಕಾರನ್ನು, ವಾರಕ್ಕೊಮ್ಮೆ ಮೇಣ, ಗಾಲಿಗೆ ಕಪ್ಪು, ಡ್ಯಾಶ್‌ಬೋರ್ಡಿಗೆ ಎಣ್ಣೆ, ಮೇಲೆಲ್ಲ ಮುಖ ನೋಡಿಕೊಳ್ಳುವ ಹಾಗೆ ಮಿಂಚು, ಕೆಳಗೆ ತನ್ನ ಪಾಡಿಗೆ ತಾನು ಕೊಳೆಯುತ್ತಿತ್ತು, ದೀಪ ಮಿಣಮಿಣ ಅಂದರೆ ಬಲ್ಬು ಬದಲಾಯಿಸಿದ, ಮತ್ತೆ ಮಿಣಮಿಣ ಅಂದರೆ ಫ್ಯೂಸು, ಹಾರ್ನು ತಾನಾಗಿ ಕೂಗಿಕೊಂಡ ದಿನ ಗಾಡಿ ಕಾಯುವ ತಾಯಿಗೆ ಸಿಟ್ಟು ಬಂದಿದೆ ಅಂತ ಪ್ರಯೋಂಗ್ ಅಕ್ಕ ನೈವೇದ್ಯಕ್ಕೆ ಕೆಂಪು ಸೋಡಾ ಇಟ್ಟು ಕೈಮುಗಿಸಿದಳು, ದುವಾನ್ ಕೂಡ ಮುಗಿದಳು, ಈಗಲೂ ಮುಗಿಯುತ್ತಾಳೆ, ಗಾಡಿಯಲ್ಲಿ ಒಬ್ಬ ತಾಯಿ ಇದ್ದಾಳೆ ಅನ್ನುವುದರಲ್ಲಿ ಅವಳಿಗೆ ಅನುಮಾನವಿಲ್ಲ, ಆದರೆ ಆ ತಾಯಿಗೆ ಬೇಕಾದದ್ದು ಸೋಡಾ ಅಲ್ಲ, ಯಾರಾದರೂ ಒಬ್ಬರು ಕಾಲಡಿಯ ಚಾಪೆ ಎತ್ತಿ ನೋಡಬೇಕಾಗಿತ್ತು. ಆಮೇಲೆ ಒಂದು ದಿನ, ಬೆಳಗ್ಗೆ ಆರು ಗಂಟೆ, ಒಲೆಯ ಮೇಲೆ ನೀರು ಕುದಿಯುತ್ತಿತ್ತು, ತವಿನ್ ಹಲ್ಲುಜ್ಜುತ್ತಿದ್ದವನು ಕುಸಿದ, ಬಾಯಿ ಒಂದು ಕಡೆಗೆ, ಕೈ ಎತ್ತಲಾಗದು, ಇಬ್ಬರೂ ಎಳೆದುಕೊಂಡು ಹೋಗಿ ಹಿಂದಿನ ಸೀಟಿಗೆ ಹಾಕಿದರು, ದುವಾನ್ ಕೀಲಿ ತಿರುಗಿಸಿದಳು, ಟಕ್, ಮತ್ತೆ ತಿರುಗಿಸಿದಳು, ಟಕ್, ಎಂಜಿನ್ ಇಲ್ಲ, ದೀಪವಿಲ್ಲ, ಬರೀ ಟಕ್, ಪಕ್ಕದ ಓಣಿಯವನ ಪಿಕಪ್ ಬರುವಷ್ಟರಲ್ಲಿ ಬಿಸಿಲೇರಿತ್ತು, ಇನ್ನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ ಅಂದರು ಡಾಕ್ಟರು, ಅವನ ಆಯಸ್ಸು ಅಷ್ಟೇ ಬರೆದಿತ್ತು ಅಂದಳು ಪ್ರಯೋಂಗ್ ಅಕ್ಕ, ಸುಡುವಾಗಲೂ ಅದೇ, ನೂರನೇ ದಿನದ ತಿಥಿಯಲ್ಲೂ ಅದೇ, ಆಯಸ್ಸಂತೆ. ಮನೆಯೆದುರಿನ ಮೆಕ್ಯಾನಿಕ್ ಕಾರಿನ ಚಾಪೆ ಎತ್ತಿದ, ಕೆಳಗೆ ನದಿಯ ಮರಳು, ಉಗುರಿನಷ್ಟು ಒಂದು ಬಸವನಹುಳದ ಚಿಪ್ಪು, ಒಂದು ವಯರು ಹಸಿರು ಹಿಡಿದು ನಿಂತಿತ್ತು, ಬೆರಳು ತಾಗಿದ್ದೇ ಪುಡಿಯಾಯಿತು. ಆಯಸ್ಸು ಅಲ್ಲ, ವಯರು. 

ಎರಡು ವರ್ಷ ಆ ಮೆಕ್ಯಾನಿಕ್‌ಗೆ ಮಧ್ಯಾಹ್ನಕ್ಕೆ ಶಾವಿಗೆ ಕೊಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಇದೇನು ಅದೇನು ಅಂತ ಪ್ರಾಣ ತಿಂದಿದ್ದಾಳೆ, ನಿಮಗ್ಯಾಕಕ್ಕಾ ಇದೆಲ್ಲ ಅಂದರೆ ಹೇಳಪ್ಪ ನೀನು ಅಂತ, ಅವನೂ ಹೇಳುತ್ತಿದ್ದ, ಮಾರೋರು ಎಂಜಿನ್ ಮೊದಲೇ ಬಿಸಿ ಮಾಡಿಟ್ಟಿರ್ತಾರೆ, ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದಾಗಲೇ ಗಾಡಿ ನಿಜ ಹೇಳೋದು, ಎಣ್ಣೆ ಮುಚ್ಚಳ ತಿರುಗಿಸಿ, ಒಳಗೆ ತೆಂಗಿನಹಾಲಿನ ಬಣ್ಣ ಇದ್ದರೆ ನೀರು ಹೊಕ್ಕಿದೆ ಅಂತ, ಹಿಂದೆ ನೋಡದೆ ಬನ್ನಿ, ಬೆಲ್ಟು ಕೊನೇವರೆಗೂ ಎಳೀರಿ, ಕೊನೇ ಗೇಣನ್ನ ಯಾರೂ ತೊಳೆಯಲ್ಲ. ಈ ಟೆಂಟಿನಲ್ಲಿ ಬಿಳಿಯ ಪಕ್ಕದಲ್ಲಿದೆ ಒಂದು ನೀಲಿ ಕಾರು, ಎಡಬಾಗಿಲಿನ ಮೇಲೆ ಉದ್ದದ ಗೀರು, ಒಂದು ಚಕ್ರದ ಮುಚ್ಚಳ ಇಲ್ಲ, ಯಾರೂ ತಿರುಗಿ ನೋಡದ ಗಾಡಿ, ಅದಕ್ಕೆ ಎಲೆಯ ಶೃಂಗಾರ ಕೂಡ ಮಾಡಿಲ್ಲ, ದುವಾನ್ ಬಾನೆಟ್ ಮುಟ್ಟುತ್ತಾಳೆ, ತಣ್ಣಗಿದೆ, ಬಾಗಿಲು ತೆಗೆದು ತಲೆ ತೂರಿಸುತ್ತಾಳೆ, ಉಸಿರೆಳೆಯುತ್ತಾಳೆ, ಧೂಳು, ಹಳೇ ಪ್ಲಾಸ್ಟಿಕ್, ಚಾಕ್‌ಪೀಸಿನ ಪುಡಿಯಂಥದ್ದೇನೋ, ಹೌದು ಅಕ್ಕಾ, ಒಬ್ಬರು ಮೇಷ್ಟ್ರದ್ದು, ರಿಟೈರ್ ಆದ್ರು ಅಂದ ಕುವಾಂಗ್, ಬೆಲ್ಟು ಎಳೆದಳು, ಎಳೆದಳು, ಕೊನೆಯ ಗೇಣಿನ ತನಕ, ಅಂಚು ಜುಂಗು ಎದ್ದಿದೆ, ಬೆವರಿಗೆ ಮಾಸಿದೆ, ಗೆರೆ ಇಲ್ಲ, ಚಾಪೆಯ ಮೂಲೆ ಕಿತ್ತು ನೋಡಿದಳು, ಅಯ್ಯೋ ಅಕ್ಕಾ ಕೀಳ್ಬೇಡಿ ಅಂದ, ಕೀಳ್ತೀನಿ ತಮ್ಮಾ ಅಂದಳು, ಒಣಗಿದ ತಗಡು, ಒಂದು ಪೇಪರ್ ಕ್ಲಿಪ್ಪು, ಅಷ್ಟೇ. ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್, ಮೇಷ್ಟ್ರ ದುಂಡು ಅಕ್ಷರ, ಎಂಜಿನ್ ಎಣ್ಣೆ ಬದಲಾಯಿಸಿದ ದಿನ, ಬ್ಯಾಟರಿಗೆ ನೀರು ಹಾಕಿದ ದಿನ, ಮುಂದಿನ ಎಡಗಾಲಿ ಕೂಗುತ್ತಿದೆ ವಿಚಾರಿಸಬೇಕು, ವಿಚಾರಿಸಲಾಯಿತು, ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಿಸಿಲ್ಲ, ಮೇಣದ ಮಾತೇ ಇಲ್ಲ, ಒಂದೊಂದೇ ಹಾಳೆ ತಿರುವಿ ಕೊನೆಯ ತನಕ ಓದಿದಳು, ಹೀಗೂ ಇಟ್ಟುಕೊಳ್ಳಬಹುದಾಗಿತ್ತು ಒಂದು ಕಾರನ್ನು. ಸ್ಟಾರ್ಟ್ ಮಾಡು ಅಂದಳು. ಮೊದಲ ತಿರುವಿಗೇ ಎದ್ದಿತು, ಸ್ವಲ್ಪ ಕೆಮ್ಮಿ, ಆಮೇಲೆ ಸಮಾಧಾನವಾಗಿ.

ಇದೇ ತಗೋತೀನಿ. ಕೊಡೆ ಕೆಳಗಿಳಿಯಿತು. ನಿನಗೆ ತಲೆ ಕೆಟ್ಟಿದೆಯೇನೇ, ನೀಲಿ ಕಣೆ ಅದು, ಭಾನುವಾರದವಳು ನೀಲಿ ಗಾಡಿ ಹತ್ತೋದಾ, ಒಬ್ಬನನ್ನ ಕಳ್ಕೊಂಡಿದ್ದು ಸಾಲದಾ ಅಂದಳು ಪ್ರಯೋಂಗ್ ಅಕ್ಕ, ಗಟ್ಟಿಯಾಗಿ, ಟೆಂಟಿನಲ್ಲಿ ಗಾಡಿ ಒರೆಸುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ. ಕುವಾಂಗ್ ಇಬ್ಬರ ಮುಖ ನೋಡಿ ಓಡಿಹೋಗಿ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತಂದ, ಜಗಳ ಯಾಕೆ ಅಕ್ಕಂದಿರಾ, ಇದಕ್ಕೆಲ್ಲ ಉಪಾಯ ಇದೆ, ಸ್ಟಿಕ್ಕರ್, ಈ ಕಾರು ಬಿಳಿ ಬಣ್ಣದ್ದು ಅಂತ ದಪ್ಪ ಅಕ್ಷರದಲ್ಲಿದೆ, ಹಿಂದೆ ಅಂಟಿಸಿದ್ರೆ ದೋಷ ಹೋಯ್ತು, ಊರಲ್ಲಿ ಅರ್ಧ ಗಾಡಿಗೆ ಇದೇ, ಬೇಕಿದ್ರೆ ಹೋಗಿ ನೋಡಿ. ಗೊತ್ತು, ಯಾರಿಗೆ ಗೊತ್ತಿಲ್ಲ, ಕಪ್ಪು ಕಾರಿನ ಮೇಲೆ ಈ ಕಾರು ಕೆಂಪು, ಕೆಂಪಿನ ಮೇಲೆ ಈ ಕಾರು ಹಸಿರು, ಅವಳೂ ನೋಡಿ ನಕ್ಕವಳೇ, ಅಂಟಿಸಿಕೊಂಡರೆ ಪ್ರಯೋಂಗ್ ಅಕ್ಕನೂ ಒಪ್ಪುತ್ತಾಳೆ, ಆಗಲೇ ಮುಖ ಸ್ವಲ್ಪ ಸಡಿಲವಾಗಿದೆ, ಒಂದು ಹಾಳೆ, ಎರಡು ನಿಮಿಷದ ಕೆಲಸ, ಮನೆಗೆ ಹೋಗಿ ಊಟ ಮಾಡಬಹುದು — ಆದರೆ ಕೈ ಮುಂದೆ ಹೋಗುತ್ತಿಲ್ಲ, ಅಂಟಿಸಿದರೆ ಚೀಟಿಯೇ ಸರಿ ಅಂದ ಹಾಗೆ, ಆಯಸ್ಸೇ ಸರಿ ಅಂದ ಹಾಗೆ, ಟಕ್ ಅಂದದ್ದು ವಯರಲ್ಲ ಹಣೆಬರಹ ಅಂತ ಇವಳೇ ಸಹಿ ಹಾಕಿಕೊಟ್ಟ ಹಾಗೆ, ಇಲ್ಲ, ಸಾಧ್ಯವಿಲ್ಲ. ಯಾರಿಗೆ ಟೋಪಿ ಹಾಕೋದು ತಮ್ಮಾ ಅಂದಳು ದುವಾನ್, ಮೇಲಿರೋರಿಗೆ ಅಕ್ಷರ ಓದಕ್ಕೆ ಬರುತ್ತೆ, ಬಣ್ಣ ಕಾಣಲ್ವಾ, ತೆಗೆದಿಡು ಅದನ್ನ, ಬಿಳಿ ಕಾರಿನ ಮೇಲೆ ಅಂಟಿಸು ಬೇಕಿದ್ರೆ, ಈ ಕಾರು ನದಿಯಲ್ಲಿ ಮುಳುಗಿತ್ತು ಅಂತ ಬರೆದು. ಕುವಾಂಗ್ ಕೆಮ್ಮಿದ. ಎಲೆ ಜಾಸ್ತಿ ಆಯ್ತು ತಮ್ಮಾ, ಮುಂದಿನ ಸಲ ಎರಡು ಸಾಕು. ಹಾಗಾದ್ರೆ ನಾನು ಇದರಲ್ಲಿ ಕೂರಲ್ಲ ಅಂದಳು ಪ್ರಯೋಂಗ್ ಅಕ್ಕ, ತಮ್ಮನ ಮನೇಲಿ ನನ್ನ ಮಾತಿಗೆ ಬೆಲೆ ಇಲ್ಲ ಅಂತಾಯ್ತಲ್ಲ, ಹೇಳು, ಇಲ್ಲ ಅಂತಾಯ್ತಲ್ಲ. ಇಪ್ಪತ್ತಾರು ವರ್ಷ ಈ ಮಾತಿಗೆ ದುವಾನ್ ತಲೆ ತಗ್ಗಿಸಿದ್ದಾಳೆ, ಸಾರಿಗೆ ಉಪ್ಪು ಎಷ್ಟು ಅನ್ನುವುದರಿಂದ ಹಿಡಿದು ಎಲ್ಲದಕ್ಕೂ, ಈಗ ಕತ್ತು ಬಗ್ಗುತ್ತಿಲ್ಲ, ಕೂರಬೇಡಿ ಅಕ್ಕಾ, ನಡ್ಕೊಂಡು ಬನ್ನಿ, ಕೊಡೆ ಇದೆಯಲ್ಲ ಅಂದುಬಿಟ್ಟಳು, ಅಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ, ಈ ಹೆಂಗಸು ಇವತ್ತೇ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆ ಮನೆಯಲ್ಲಿ ತಾನೊಬ್ಬಳೇ ಅಂತ ಗೊತ್ತಿದ್ದೂ ತೆಗೆದುಕೊಳ್ಳಲಿಲ್ಲ, ಹೋಗಿ ಕಾಗದಕ್ಕೆ ಸಹಿ ಹಾಕಿದಳು.

ಸ್ಟೀರಿಂಗಿಗೆ ತಲೆಬಾಗಿ ಕೈಮುಗಿದಳು, ತಾಯೀ, ನಿನ್ನ ಬಣ್ಣದ ಮೇಲೆ ನನಗೆ ತಕರಾರಿಲ್ಲ, ನನ್ನ ವಾರದ ಮೇಲೆ ನಿನಗೂ ಬೇಡ, ಎಣ್ಣೆ ನೀರು ಹೊತ್ತುಹೊತ್ತಿಗೆ ನಾನು ನೋಡ್ಕೋತೀನಿ, ಗೇರು ಹಾಕಿ ಟೆಂಟಿನ ಬಾಗಿಲಿನ ತನಕ ಬಂದಾಗ ಹಿಂದಿನ ಬಾಗಿಲು ತೆರೆಯಿತು, ಪ್ರಯೋಂಗ್ ಅಕ್ಕ, ಮುಂದೆ ಅಲ್ಲ, ಹಿಂದೆ, ಬಾಡಿಗೆ ಗಾಡಿಗೆ ಹತ್ತಿದವಳ ಹಾಗೆ ಮುಖ ತಿರುಗಿಸಿಕೊಂಡು ಕೂತಳು, ಬಾಗಿಲು ಧಡಾರನೆ ಎಳೆದುಕೊಂಡಳು. ಸೇತುವೆ, ಕೆಳಗೆ ಎರಡು ನದಿಗಳ ನೀರು ಇನ್ನೂ ಬೆರೆಯದೆ ಪಕ್ಕಪಕ್ಕದಲ್ಲಿ, ಒಂದು ಕೆಂಚು ಒಂದು ಹಸಿರು, ಗಾಜು ಏರಿಸಿದೆ, ಎಸಿ ಸಣ್ಣಗೆ ಕೂಗುತ್ತದೆ, ಮೆಕ್ಯಾನಿಕ್‌ಗೆ ತೋರಿಸಬೇಕು, ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಎಡಗಡೆ ಲಾರಿ ಹೋಗಲಿ, ಹೋಗು ಮಹರಾಯ, ಹಿಂದಿನಿಂದ ಮೂಗು ಎಳೆದ ಸದ್ದು, ಅಳುತ್ತಿದ್ದಾಳೇನೋ, ಅಳಲಿ, ಮತ್ತೆ ಎಳೆದಳು, ಅಳುವಲ್ಲ ಅದು, ಮೂಸುತ್ತಿದ್ದಾಳೆ. ಇದರಲ್ಲಿ ವಾಸನೆ ಇಲ್ಲ ಅಂದಳು ಪ್ರಯೋಂಗ್ ಅಕ್ಕ. ಇಲ್ಲ ಅಂದಳು ದುವಾನ್. ಸೇತುವೆ ಮುಗಿಯಿತು, ಪೆಟ್ರೋಲ್ ಬಂಕ್, ಮೀನಿನ ಅಂಗಡಿ. ಅದರಲ್ಲಿತ್ತು. ಯಾವುದರಲ್ಲಿ. ಅವನ ಕಾರಲ್ಲಿ ಕಣೆ, ಅವತ್ತು, ಸುತ್ತು ಹೋದಾಗ, ನನಗೂ ಬಂತು, ಚೀಟಿ ತಂದೋಳು ನಾನು, ಬೆಳ್ಳಿ ಬಣ್ಣವೇ ಆಗ್ಲಿ ಅಂದೋಳು ನಾನು, ಹೆಂಗೆ ಬಾಯಿ ಬಿಡ್ಲಿ ಹೇಳು. ದುವಾನಳ ಕಾಲು ಬ್ರೇಕಿನ ಮೇಲೆ ಹೋಯಿತು, ಒತ್ತಲಿಲ್ಲ, ಇಳೀರಿ ಅನ್ನಬೇಕು, ಇಲ್ಲೇ ಇಳೀರಿ, ನನ್ನ ಕೈಯನ್ನ ನಾನು ಮೂಸಿಕೊಂಡೆನಲ್ಲ, ಪಕ್ಕದಲ್ಲೇ ಕೂತಿದ್ದಿರಲ್ಲ, ಒಂದು ಮಾತು, ಹೌದು ಕಣೋ ತವಿನ್ ಅನ್ನುವ ಒಂದೇ ಒಂದು ಮಾತು, ನನ್ನದನ್ನು ನಕ್ಕು ತಳ್ಳಿದವನು ನಿಮ್ಮದನ್ನು ಕೇಳುತ್ತಿದ್ದ, ಇಬ್ಬರಿದ್ದೆವಲ್ಲ ಅಕ್ಕಾ, ನಾವು ಇಬ್ಬರಿದ್ದೆವಲ್ಲ — ಆದರೆ ಕಣ್ಣ ಮುಂದೆ ಬರುತ್ತಿರುವುದು ಅದೊಂದೇ, ಬೆಳ್ಳಿ ಕಾರಿನ ಹಿಂದಿನ ಸೀಟು, ಏಪ್ರಿಲ್ ಬಿಸಿಲು, ಮುಂದೆ ತವಿನ್ ಕೂಗುತ್ತಿದ್ದಾನೆ, ಗಾಜು ಏರಿಸ್ರೇ, ತಂಪೆಲ್ಲ ಹೋಗುತ್ತೆ, ಎಡಗಡೆ ತಾನು, ಆ ಹುಳಿ ತಾಳಲಾರದೆ ಗಾಜು ಇಳಿಸಿ ಮುಖ ಹೊರಗೆ ಹಾಕಿಕೊಂಡು, ಬಲಗಡೆ ಪ್ರಯೋಂಗ್ ಅಕ್ಕ, ಗಾಳಿ ಚೆನ್ನಾಗಿದೆ ಕಣೋ ಅನ್ನುತ್ತಾ, ಗಾಜು ಇಳಿಸಿ, ಮುಖ ಹೊರಗೆ, ಗಾಜು ಏರಿಸ್ರೇ, ಇಬ್ಬರೂ ಏರಿಸುತ್ತಿಲ್ಲ, ಒಬ್ಬಳು ಆ ಕಡೆ, ಒಬ್ಬಳು ಈ ಕಡೆ, ಎರಡು ಕಿಟಕಿ, ಎರಡೂ ಇಳಿದಿವೆ, ಎರಡೂ.