ಕೊಟ್ಟೂರಪ್ಪನ ಹೊಲದಲ್ಲಿ ಪಾತಮ್ಮನ ಮಂದೆ

ಪಾತಮ್ಮನ ಹೋತ ಒಂದು ಮಧ್ಯಾಹ್ನ ಹಗ್ಗ ಕಿತ್ತುಕೊಂಡು ಪಕ್ಕದ ಕೊಟ್ಟೂರಪ್ಪನ ಶೇಂಗಾ ಹೊಲಕ್ಕೆ ನುಗ್ಗಿತು. ತಿಂದದ್ದು ಹೆಚ್ಚೆಂದರೆ ಎರಡು ಸಾಲು. ಅದಕ್ಕೆ ಆ ದೊಡ್ಡ ಮನುಷ್ಯ ಹೋತವನ್ನು ಹಿಡಿಸಿ, ಆಳಿನ ಕೈಯಲ್ಲಿ ಅದರ ಬೀಜ ಒಡೆಸಿ, ಸಂಜೆ ವಾಪಸ್ ಅಟ್ಟಿದ. "ಇನ್ನು ಮನೆ ಬಿಟ್ಟು ತಿರುಗಲ್ಲ ಬಿಡು," ಎಂದು ಹೇಳಿಯೂ ಕಳಿಸಿದ್ದ.

ಅದು ಅಂತಿಂಥ ಹೋತವಲ್ಲ. ಮೊಳಕಾಲ್ಮೂರಿನ ಪಕ್ಕದ ತನ್ನ ಎರಡು ಎಕರೆಯಲ್ಲಿ ಪಾತಮ್ಮ ವರ್ಷಗಟ್ಟಲೆ ಒದ್ದಾಡಿ ಮಂದೆ ಕಟ್ಟಿದ್ದಳು. ಊರಿನ ಕರಿ ಮೇಕೆಗಳ ಜೊತೆ ಕಿವಿಗೆ ಬಿಳಿ ಚುಕ್ಕೆಯ ಉಸ್ಮಾನಾಬಾದಿ, ಕಂದು ಮಚ್ಚೆಯ ಸಿರೋಹಿ, ಹೀಗೆ ಒಂದೊಂದೇ ತಳಿ ತಂದು ಸೇರಿಸಿದ್ದಳು. ಉದ್ದ ಕಿವಿಯ ಈ ಜಮುನಾಪಾರಿ ಹೋತವನ್ನಂತೂ ಮರಿಯಿದ್ದಾಗ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅದರ ಮರಿಗಳಿಗಾಗಿ ರಾಂಪುರದಿಂದ ಜನ ಆಟೋದಲ್ಲಿ ಹೆಣ್ಣು ಮೇಕೆ ಹತ್ತಿಸಿಕೊಂಡು ಬರುತ್ತಿದ್ದರು. ಈಗ ಯಾರೂ ಬರುತ್ತಿರಲಿಲ್ಲ. ಹೋತ ಮೂಲೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು, ಅದನ್ನು ಕಂಡಾಗಲೆಲ್ಲ ಪಾತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಹೋಗ್ಲಿ ಬಿಡೇ, ದೊಡ್ಡೋರ ತಂಟೆ ನಮಗ್ಯಾಕೆ," ಎಂದ ಗಂಡ ದಾಸಣ್ಣ.

"ನೀನು ಬಿಡು. ನಾನು ಬಿಡಲ್ಲ."

ಬೇಸಿಗೆಯಲ್ಲಿ ಕೊಟ್ಟೂರಪ್ಪ ತಾನಾಗಿಯೇ ಅವಳ ಹಟ್ಟಿಯ ಮುಂದೆ ಬೈಕ್ ನಿಲ್ಲಿಸಿದ. ಕುರಿ ಮಂದೆಯವರು ಆ ವರ್ಷ ಈ ಕಡೆ ತಲೆ ಹಾಕಿರಲಿಲ್ಲ, ಅವನ ಹೊಲಕ್ಕೆ ಗೊಬ್ಬರ ಬೇಕಾಗಿತ್ತು.

"ಪಾತಮ್ಮ, ನಿನ್ನ ಮೇಕೆ ನಮ್ಮ ಹೊಲದಾಗೆ ತರುಬ್ತೀಯೇನು? ಹಳೇದೆಲ್ಲ ಮರ್ತುಬಿಡು."

"ಮರ್ತು ಯಾವ ಕಾಲಾತು ರೀ. ರಾತ್ರಿ ಅಲ್ಲೇ ನಿಲ್ಲಿಸ್ತೀನಿ. ಜೋಳ ಗೀಳ ಏನೂ ಬ್ಯಾಡ."

ಪುಕ್ಕಟೆ ಎಂದ ಕೂಡಲೇ ಅವನ ಮುಖ ಅರಳಿತು. ಅವನ ಅಪ್ಪ ಇದ್ದಿದ್ದರೆ ಇಷ್ಟು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಆ ಮುದುಕ ಮಂದೆ ನಿಲ್ಲಿಸುವ ಮೊದಲು ಹಿಕ್ಕೆ ಎತ್ತಿ, ಬೆರಳಲ್ಲಿ ಪುಡಿಮಾಡಿ, ಏನು ಮೇಯ್ದಿವೆ ಎಂದು ನೋಡುತ್ತಿದ್ದ. ಮಗನಿಗೆ ಹಿಕ್ಕೆ ಎಂದರೆ ಹೇಸಿಗೆ.

ಮರುದಿನದಿಂದಲೇ ಪಾತಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿಯ ಕೆಳಗೆ ಉದುರಿದ ಕಾಯಿಗಳನ್ನು ಚೀಲಗಟ್ಟಲೆ ಆರಿಸಿದಳು. ಸಿಹಿ ಕಾಯಿ, ಮೇಕೆಗಳಿಗೆ ಪ್ರಾಣ. ಆದರೆ ಒಳಗಿನ ಗಟ್ಟಿ ಬೀಜ ಅವುಗಳ ಹೊಟ್ಟೆಯಲ್ಲಿ ಕರಗುವುದಿಲ್ಲ, ನೆನೆದು ಹಿಕ್ಕೆಯ ಜೊತೆ ಹೊರಗೆ ಬಿದ್ದು ಮೊದಲ ಮಳೆಗೇ ಮೊಳೆಯುತ್ತದೆ. ಹಗಲೆಲ್ಲ ಕಾಯಿ ತಿನ್ನಿಸಿ, ಕತ್ತಲಾದ ಮೇಲೆ ಮಂದೆಯನ್ನು ಅವನ ಹೊಲಕ್ಕೆ ಹೊಡೆದಳು. ಮಂದೆಯ ಸುತ್ತ ಕಟ್ಟುವ ಬಲೆಯನ್ನು ದಿನಕ್ಕೊಂದು ಕಡೆ ಬದಲಿಸುತ್ತ ಇಡೀ ಹೊಲ ಮುಗಿಸಿದಳು.

"ಪಾಪ ಬರ್ತೈತೆ ಕಣೇ," ಎಂದ ಕಾಯಿ ಚೀಲ ಕಂಡ ದಾಸಣ್ಣ.

"ನಮ್ಮ ಹೋತಕ್ಕೆ ಯಾರು ಪಾಪ ಅಂದ್ರು?"

ಮಳೆ ಬಂತು. ಶೇಂಗಾದ ಜೊತೆಗೆ ಜಾಲಿಯೂ ಎದ್ದಿತು. ಕೊಟ್ಟೂರಪ್ಪ ಕಳೆ ತೆಗೆಯಲು ಎಡೆಕುಂಟೆ ಹೊಡೆಸಿದ. ಸಾಲಿನ ನಡುವಿನದು ಕಡಿದರೂ ಮತ್ತೆ ಚಿಗುರಿತು, ಸಾಲಿನೊಳಗಿನದು ಹಾಗೇ ಉಳಿಯಿತು. ಶೇಂಗಾ ಕೀಳುವ ಹೊತ್ತಿಗೆ ಹೊಲದ ತುಂಬ ಮೊಣಕಾಲೆತ್ತರದ ಮುಳ್ಳು. ಕೂಲಿಯವರು ಒಂದು ಸಾಲಿಗೆ ಕೈ ಹಾಕಿ, ರಕ್ತ ಒರೆಸಿಕೊಂಡು ಮನೆಗೆ ನಡೆದರು. ಶೇಂಗಾ ಮಣ್ಣಲ್ಲೇ ಕೊಳೆಯಿತು. ಬೇರು ಆಳಕ್ಕಿಳಿದಿದೆ, ಹೊಲವನ್ನೇ ಅಗೆಯಬೇಕು ಎಂದ ಜೆಸಿಬಿಯವನು.

ಕೊಟ್ಟೂರಪ್ಪ ಮತ್ತೆ ಹಟ್ಟಿಗೆ ಬಂದ. ಈ ಸಲ ಬೈಕ್ ಇಳಿದು ನಿಂತ.

"ಇದು ನಿನ್ನ ಮೇಕೆ ಮಾಡಿದ ಕೆಲಸ."

"ಹೌದ್ರಿ. ತಿನ್ಸಿದ್ದು ನಾನು."

ಇಷ್ಟು ನೇರವಾಗಿ ಹೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಬಯ್ಯಲು ಬಾಯಿ ತೆರೆದವನು, ಹೊಲ ನೆನಪಾಗಿ ದನಿ ಇಳಿಸಿದ.

"ಆಗಿದ್ದು ಆಗೋತು. ಮಂದೆ ಹೊಡ್ಕಂಡು ಬಾರಮ್ಮ, ಅವೇ ಜಾಲಿ ಮೇಯ್ದು ಹಾಳ್ಮಾಡ್ಲಿ. ನಿಂಗೆ ಕೈ ಮುಗೀತೀನಿ."

"ಜಾಲಿ ಸೊಪ್ಪು ಮೇಕೆ ಮೂಸಲ್ಲ ರೀ. ಕಾಯಿ ಆದ್ರೆ ತಿಂತಾವೆ. ಮೂರು ವರ್ಷ ತಡೀರಿ, ಗಿಡ ಕಾಯಿ ಬಿಡ್ಲಿ. ಆಗ ನೀವು ಕರೀದಿದ್ರೂ ಹೊಡ್ಕಂಡು ಬರ್ತೀನಿ."

ಕೊಟ್ಟೂರಪ್ಪ ಮುಗಿದ ಕೈ ಇಳಿಸುವುದನ್ನೂ ಮರೆತು ನಿಂತ. ಪಾತಮ್ಮ ಅವನನ್ನು ಕಣ್ತುಂಬ ನೋಡಿದಳು. ಅಯ್ಯೋ ಅನ್ನಿಸಬಹುದೇನೋ ಎಂದು ಒಂದು ಗಳಿಗೆ ಕಾದೂ ನೋಡಿದಳು. ಅನ್ನಿಸಲಿಲ್ಲ.