ಮೇಸ್ತ್ರಿಯ ಒಂಬತ್ತು ಮಕ್ಕಳು

"ಉಸಿರು ಬಿಡಬೇಡ" ಎಂದು ಪಿಸುಗುಟ್ಟಿ ನಾನು ತಳ್ಳುಗಾಡಿಯಲ್ಲಿ ಮಲಗಿಸಿದ್ದ ಮಗಳು ಗುಬ್ಬಿಯ ಮುಖದ ಮೇಲೆ ಇನ್ನೊಂದು ಚಾದರ ಎಳೆದೆ. ಆಸ್ಪತ್ರೆಯ ಚಾದರ. ಯಾರದೋ ರಕ್ತ ಒಣಗಿ ಅಂಚು ರಟ್ಟಿನಂತೆ ಸೆಟೆದಿತ್ತು. ಅದರ ಮೇಲೆ ನಾಲ್ಕು ದಿಂಬಿನ ಚೀಲ, ಎಲ್ಲಕ್ಕಿಂತ ಮೇಲೆ ವಾಂತಿ ಹತ್ತಿದ ಟವಲು. ವಾಂತಿಯ ಟವಲನ್ನು ಮೇಲೆಯೇ ಇಡಬೇಕು. ಅದನ್ನು ಕಂಡರೆ ಸಾಹುಕಾರ ತಳ್ಳುಗಾಡಿಗೆ ಕೈ ಹಾಕುವುದಿಲ್ಲ.

ಹಾಕಲಿಲ್ಲ. ಕೊಡೆಯ ತುದಿಯಿಂದ ಗಾಡಿಯ ಪಕ್ಕಕ್ಕೆ ಎರಡು ಸಲ ತಿವಿದ.

"ಇದು ಮೆಷಿನ್ ಹತ್ರ ಇರಬೇಕು. ನಿನ್ನ ಕೋಣೆ ಬಾಗಿಲಲ್ಲಿ ಯಾಕಿದೆ?"

"ಚಕ್ರ ಸಿಕ್ಕಾಕ್ಕೊಂಡಿದೆ, ಸಾಹುಕಾರ್ರೇ."

"ನಿಮ್ಮ ತಲೇಲೂ ಏನೋ ಸಿಕ್ಕಾಕ್ಕೊಂಡಿದೆ. ಇರೋಕೆ ಒಂದು ಕೋಣೆ ಕೊಟ್ರೆ ಮುಂಡೇರು ಗೂಡು ಕಟ್ತೀರ." ಅವನು ಮೂಗು ಮುಚ್ಚಿಕೊಂಡು ಹಿಂದೆ ತಿರುಗಿದ. "ಮೇಸ್ತ್ರಿ, ಇಲ್ಲಿ ಯಾವಳಾದ್ರೂ ಮರಿ ಹಾಕಿದ್ದಾಳೇನೋ?"

"ಬೆಕ್ಕಿನ ಮರಿನೂ ಇಲ್ಲ ಸಾಹುಕಾರ್ರೇ. ನಾನಿದ್ದೀನಲ್ಲ."

ಸಾಹುಕಾರನ ಬೂಟಿನ ಸದ್ದು ಸಾಲಿನ ಕೊನೆಯ ಕೋಣೆ ದಾಟಿದ ಮೇಲೆ ಮೇಸ್ತ್ರಿ ಹಿಂದಿರುಗಿ ಬಂದ. ಎರಡು ಬೆರಳಲ್ಲಿ ಟವಲಿನ ತುದಿ ಎತ್ತಿ, ಒಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದ ನನ್ನ ಮಗಳಿಗೆ ಕಣ್ಣು ಹೊಡೆದ.

"ಯಾರಿಂದ ಉಳ್ಕೊಂಡಿದ್ದೀರ ಅನ್ನೋದು ನೆನಪಿರ್ಲಿ. ನಮ್ಮ ಮನೆ ಬಟ್ಟೆ ಗಂಟು ಹೊರಗಿದೆ. ಸಂಜೆಯೊಳಗೆ ಇಸ್ತ್ರಿ ಆಗ್ಬೇಕು."

ಆರು ಕೋಣೆ, ಹನ್ನೆರಡು ಹೆಂಗಸರು, ಒಂಬತ್ತು ಮಕ್ಕಳು. ಊರಿನ ದೊಡ್ಡಾಸ್ಪತ್ರೆಯ ಹಾಸಿಗೆಗಳ ಮೇಲಿನದೆಲ್ಲ ನಮ್ಮ ಲಾಂಡ್ರಿಗೆ ಬಂದು ನಮ್ಮ ಕೈಯಿಂದಲೇ ಹಿಂದಿರುಗುತ್ತದೆ. ಕೋಣೆಗಳು ಸಾಹುಕಾರನವು. ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಮಕ್ಕಳಿದ್ದರೆ ಕೆಲಸ ಕೆಡುತ್ತದೆ ಎಂಬುದು ಅವನ ವಾದ. ಆದರೆ ಮಕ್ಕಳನ್ನು ಶಾಲೆಗೆ ಸೇರಿಸಲು ಒಂದು ವಿಳಾಸ ಬೇಕು. ಎರಡು ವರ್ಷದ ಹಿಂದೆ ಮೇಸ್ತ್ರಿ ತಾನಾಗಿ ಬಂದು, "ನನ್ನ ಮನೆ ವಿಳಾಸ ಬರೀರಿ, ಏನಾಗುತ್ತೆ ನೋಡೋಣ" ಎಂದ. ಒಬ್ಬೊಬ್ಬರಿಗೂ ಒಂದೊಂದು ಕಾಗದ ಚಾಚಿದ. ನನಗೆ ಓದಲು ಬರುತ್ತಿತ್ತು. ಓದಲಿಲ್ಲ. ಉಪಕಾರ ಮಾಡುವವನ ಎದುರಿಗೆ ನಿಂತು ಅವನು ಕೊಟ್ಟ ಕಾಗದ ಓದುವುದು ಅವನ ಮುಖಕ್ಕೆ ಹೊಡೆದಂತೆ ಎಂದುಕೊಂಡಿದ್ದೆವು. ಸಹಿ ಬರುವವರು ಸಹಿ ಹಾಕಿದೆವು, ಬಾರದವರು ಹೆಬ್ಬೆಟ್ಟು ಒತ್ತಿದರು. ಆಮೇಲೆ ಹುಟ್ಟಿದ ಕೂಸಿಗೂ, ಮುಂದೆ ಶಾಲೆಗೆ ಬೇಕಾಗುತ್ತದೆಂದು, ಹಾಗೇ ಒಂದು ಕಾಗದ ತಂದ. ಅವತ್ತಿನಿಂದ ಅವನ ಹೆಂಡತಿಯ ಬಟ್ಟೆಗಳಿಗೆ ಇಸ್ತ್ರಿ ಪುಕ್ಕಟೆ.

ಗುಬ್ಬಿಯ ಕಿವಿ ಸೋರತೊಡಗಿದ್ದೂ ಹೆಚ್ಚುಕಡಿಮೆ ಆಗಲೇ. ಹಳದಿ ಕೀವು, ಕೊಳೆತ ನಾತ. ಚಿಕಿತ್ಸಾಲಯದ ಬಾಗಿಲಲ್ಲಿ ನರ್ಸು ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದಳು: "ಮಕ್ಕಳ ದುಡ್ಡಿನ ಕಾರ್ಡ್ ಇದ್ರೆ ಎಲ್ಲ ಪುಕ್ಕಟೆ. ಇಲ್ದಿದ್ರೆ ಹಣ ಕಟ್ಟು." ಹಣ ಕಟ್ಟುವಷ್ಟಿದ್ದರೆ ನಾನು ಆ ಬಾಗಿಲಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹೋದ ತಿಂಗಳು ಅವಳು ಗುಬ್ಬಿಯ ಕಿವಿಯ ಹಿಂದೆ ಒತ್ತಿ ನೋಡಿ, "ಇನ್ನು ತಡ ಮಾಡಿದ್ರೆ ಈ ಕಿವಿ ಆಸೆ ಬಿಡು" ಎಂದಳು. ಮಕ್ಕಳನ್ನು ಸಾಕಲು ಸರ್ಕಾರ ತಿಂಗಳು ತಿಂಗಳು ಕೊಡುವ ಆ ದುಡ್ಡು ಕೇಳಲು ನಾನು ಅರ್ಧ ದಿನದ ಕೂಲಿ ಬಿಟ್ಟು ಸರ್ಕಾರಿ ಕಚೇರಿಗೆ ಹೋದೆ.

ಗುಮಾಸ್ತನ ಕನ್ನಡಕ ಹಣೆಯ ಮೇಲಿತ್ತು. ನನ್ನನ್ನು ನೋಡಲು ಅದರ ಅಗತ್ಯ ಬೀಳಲಿಲ್ಲ.

"ಮಗುಗೆ ಹದಿನಾರು ತುಂಬಿಲ್ಲ ತಾನೆ?"

"ಏಳು, ಸ್ವಾಮಿ."

"ನಿನ್ನ ಹೊಟ್ಟೇಲಿ ಹುಟ್ಟಿದ್ದಾ?"

"ಹೌದು."

"ಅದೇನು ಮುಖ್ಯ ಅಲ್ಲ."

"ಮತ್ತೆ ಯಾಕೆ ಕೇಳಿದ್ರಿ?"

"ಫಾರಮ್ಮಲ್ಲಿದೆ, ಕೇಳ್ದೆ. ಹೆತ್ತೋರಿಗೆ ಅಂತ ಕೊಡಲ್ಲಮ್ಮ, ಇಟ್ಕೊಂಡು ಸಾಕೋರಿಗೆ ಕೊಡ್ತೀವಿ. ಮಗು ಯಾರ ಮನೇಲಿದೆ, ಯಾರು ಊಟ ಹಾಕ್ತಾರೆ, ಅವರಿಗೆ. ಒಂದು ಮಗುಗೆ ಒಬ್ಬರಿಗೇ."

ಮಗಳ ಹೆಸರು, ಹುಟ್ಟಿದ ತಾರೀಕು ಹೇಳಿದೆ. ಅವನು ಕಂಪ್ಯೂಟರಿಗೆ ಕುಟ್ಟಿದ. ಕನ್ನಡಕ ಮೂಗಿಗೆ ಇಳಿಯಿತು.

"ಈ ಮಗುದು ಆಗ್ಲೇ ಹೋಗ್ತಾ ಇದೆ. ಎರಡು ವರ್ಷದಿಂದ, ಒಂದು ತಿಂಗಳೂ ತಪ್ಪಿಲ್ಲ."

"ಯಾರಿಗೆ?"

"ಅದು ಹೇಳೋ ಹಾಗಿಲ್ಲ" ಎಂದವನು ಪಕ್ಕದ ಮೇಜಿನವನ ಕಡೆ ತಿರುಗಿ, ನಾನು ಕಿವುಡಿಯೆಂಬಂತೆ ಹೇಳಿದ. "ನೋಡಿಲ್ಲಿ, ಅದೇ ಪುಣ್ಯಾತ್ಮನ ಮನೆ. ಲಾಂಡ್ರಿ ಮೇಸ್ತ್ರಿ. ಕೆಲಸದ ಹೆಂಗಸರು ಹೆತ್ತು ಬಿಸಾಕಿದ ಒಂಬತ್ತು ಮಕ್ಕಳನ್ನ ಮನೇಲಿಟ್ಕೊಂಡು ಸಾಕ್ತಾನೆ." ಮತ್ತೆ ನನ್ನ ಕಡೆ: "ದುಡ್ಡು ಅಂದ ಕೂಡ್ಲೆ ತಾಯಿ ಬಂದ್ಲು ನೋಡು. ನಾಚ್ಕೆ ಆಗಲ್ವಾ?"

"ಮಗು ನನ್ನ ಹತ್ರಾನೇ ಇದೆ."

"ಸಂತೋಷ. ನಿನ್ನ ವಿಳಾಸ ಬರಿ. ನಮ್ಮೋರು ಬಂದು ನೋಡ್ತಾರೆ, ಮನೆ ಮಾಲೀಕರನ್ನ ವಿಚಾರಿಸ್ತಾರೆ."

ದಾರ ಕಟ್ಟಿದ ಪೆನ್ನು ನನ್ನ ಕೈಯಲ್ಲಿತ್ತು. ಒಂದು ಸಾಲು ಬರೆದರೆ ಸಾಹುಕಾರ ಆರೂ ಕೋಣೆ ಖಾಲಿ ಮಾಡಿಸುತ್ತಾನೆ. ಅವನು ಬರೀ ನನ್ನನ್ನು ಓಡಿಸುವ ಆಸಾಮಿಯಲ್ಲ. ಪೆನ್ನು ಕೆಳಗಿಟ್ಟೆ.

"ಒಂದ್ಮಾತು. ದುಡ್ಡು ತಗೊಳ್ಳೋರು, ನಾನು ಮಗುನ ಇಟ್ಕೊಳ್ಳಲ್ಲ ಅಂದ್ರೆ?"

"ಹಾಗೆಲ್ಲ ಅನ್ನೋ ಹಾಗಿಲ್ಲ. ತಗೊಳ್ಳೋವರೆಗೂ ಇಟ್ಕೋಬೇಕು. ಊಟ, ಬಟ್ಟೆ, ಔಷಧಿ ಎಲ್ಲ ಅವರ ತಲೆ ಮೇಲೆ. ಸುಳ್ಳು ಹೇಳಿದ್ರೆ ಜೈಲು. ಮುಂದಿನವರು ಬನ್ನಿ!"

ದಾರಿಯುದ್ದಕ್ಕೂ ಆ ಮಾತನ್ನು ಕಲ್ಲುಸಕ್ಕರೆಯಂತೆ ಬಾಯಲ್ಲೇ ಆಡಿಸುತ್ತ ಬಂದೆ.

ಬಿಸಿ ರೋಲರಿನಿಂದ ಚಾದರ ಹೊರಬಂದ ಮೇಲೆ ಇಬ್ಬರು ಎರಡು ತುದಿ ಹಿಡಿದು ಜಗ್ಗಿ, ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮೆಷಿನ್ನಿನ ಗದ್ದಲದಲ್ಲಿ ಮಾತು ಕೇಳುವುದು ಮುಖಕ್ಕೆ ಮುಖ ಬಂದ ಆ ಗಳಿಗೆಯಲ್ಲಿ ಮಾತ್ರ. ಹಾಗಾಗಿ ನಮ್ಮಲ್ಲಿ ಸುದ್ದಿ ಚಾದರಕ್ಕೊಂದು ವಾಕ್ಯದಂತೆ ಹರಿಯುತ್ತದೆ. ಕಚೇರಿಯಲ್ಲಿ ನಡೆದದ್ದನ್ನು ಉದ್ದಕ್ಕನಿಗೆ ಹೇಳಿ ಮುಗಿಸಲು ಹನ್ನೊಂದು ಚಾದರ ಬೇಕಾಯಿತು. ನಮ್ಮೆಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಹಿರಿಯಳು ಅವಳು. ಸತ್ತ ಮಗಳ ಎರಡು ಮಕ್ಕಳನ್ನು ಮಂಚದ ಕೆಳಗೆ ಬಚ್ಚಿಟ್ಟು ಬೆಳೆಸುತ್ತಿದ್ದಾಳೆ.

ಹನ್ನೆರಡನೆಯ ಚಾದರಕ್ಕೆ ಅವಳು ಬಾಯಿ ಬಿಟ್ಟಳು. "ಈ ಬೋಳಿಮಗನ ಹೊಟ್ಟೆ ನೋಡಿ ಎಷ್ಟು ತಿಂಗಳಾಯ್ತೋ ಅಂದ್ಕೋತಿದ್ದೆ. ಒಂಬತ್ತು ಮಕ್ಕಳಿದ್ವಾ ಅದ್ರೊಳಗೆ!"

ಮಧ್ಯಾಹ್ನದೊಳಗೆ ಹನ್ನೆರಡೂ ಜನಕ್ಕೆ ಗೊತ್ತಾಯಿತು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೈಗೂಸಿನವಳು, ಅಳುತ್ತ "ಕುದಿಯೋ ತೊಟ್ಟಿಗೆ ತಳ್ಳೋಣ ಅವನ್ನ" ಎಂದಳು.

"ತಳ್ಳಿದ್ರೆ ಒಂದು ಗಳಿಗೇಲಿ ಸಾಯ್ತಾನೆ" ಎಂದಳು ಉದ್ದಕ್ಕ. "ಅಷ್ಟು ಸುಲಭಾನಾ?"

ಅದೇ ವಾರ ಮೇಸ್ತ್ರಿ ತಾನಾಗಿಯೇ ನಮ್ಮ ಕೈಗೆ ಬಂದ. ಮುಖದಲ್ಲಿ ಹೊಸ ಅಳಿಯನ ನಗೆ.

"ನೋಡ್ರಮ್ಮಾ, ಬುಧವಾರ ನಿಮ್ಮ ಮಕ್ಕಳನ್ನ ಒಂದು ಹೊತ್ತು ನಮ್ಮನೆಗೆ ಕಳ್ಸಿ. ಶಾಲೆ ವಿಳಾಸದ ತಪಾಸಣೆ. ಸ್ನಾನ ಮಾಡಿಸಿ, ತಲೆ ಬಾಚಿ. ನನ್ನನ್ನ ಅಪ್ಪ ಅನ್ಬೇಕು, ಅವಳನ್ನ ಅಮ್ಮ ಅನ್ಬೇಕು. ಒಬ್ಬೊಬ್ಬರಿಗೂ ಒಂದೊಂದು ಬಿಸ್ಕತ್ತು ಪೊಟ್ಟಣ."

"ಕ್ರೀಮಿರೋದಾ?" ಉದ್ದಕ್ಕ ಕೇಳಿದಳು.

"ಕ್ರೀಮಿರೋದೇ ತರ್ತೀನಿ, ತಾಯಿ."

ಬುಧವಾರ ಬೆಳಿಗ್ಗೆ ಒಂಬತ್ತೂ ಮಕ್ಕಳನ್ನು ಅವನ ಬಾಗಿಲಿಗೆ ಕರೆದೊಯ್ದೆವು. ಪ್ರತಿ ಮಗುವಿನ ಜೊತೆ ಒಂದು ಗಂಟು: ಇದ್ದಬದ್ದ ಬಟ್ಟೆ, ಹೇನಿನ ಬಾಚಣಿಗೆ, ಉಚ್ಚೆ ಹಾಸಿಗೆ.

"ಗಂಟು ಯಾಕೆ?"

"ಅಧಿಕಾರಿ ಕಪಾಟು ತೆಗೆದು ನೋಡಿದ್ರೆ?" ಎಂದೆ ನಾನು.

"ಬಲೇ ಬುದ್ಧಿವಂತೆ ಕಣೇ ನೀನು!"

ಮೆಟ್ಟಿಲ ಮೇಲೆ ಗುಬ್ಬಿಯ ಮುಂದೆ ಕೂತೆ. "ನಾನು ಬಂದು ಕರೆಯೋವರೆಗೂ ಈ ಮನೆ ಬಿಟ್ಟು ಬರಬೇಡ. ಹಸಿವಾದ್ರೆ ಕೇಳು. ಕಿವಿ ನೊಂದ್ರೆ ಹೇಳು. ಕೊಡದಿದ್ರೆ ಕಿರುಚು."

"ಎಷ್ಟು ಜೋರಾಗಿ?"

"ಬೀದಿಗೆ ಕೇಳೋ ಹಾಗೆ."

ಮಾತು ಬಂದ ದಿನದಿಂದ ಅವಳಿಗೆ ನಾನು ಕಲಿಸಿದ್ದು ಸದ್ದು ಮಾಡಬಾರದೆಂಬುದೊಂದನ್ನೇ. ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ತಪಾಸಣೆ ಚೆನ್ನಾಗಿಯೇ ಆಯಿತಂತೆ. ಅಧಿಕಾರಿ ತಲೆ ಎಣಿಸಿ, ದಿಂಬು ಎಣಿಸಿ, ಮತ್ತೆ ಯಾವಾಗ ಬೇಕಾದರೂ ಹೇಳದೆ ಬರುತ್ತೇನೆಂದು ಹೋದನಂತೆ. ಸಂಜೆ ಮೇಸ್ತ್ರಿಯ ಬಾಗಿಲಿಗೆ ನಮ್ಮಲ್ಲಿ ಯಾರೂ ಹೋಗಲಿಲ್ಲ. ಕೈಗೂಸಿನವಳ ಎದೆ ಹಾಲು ಕಟ್ಟಿ ಕಲ್ಲಾಯಿತು. ಅವಳು ಎರಡು ಸಲ ಕೋಣೆಯ ಬಾಗಿಲ ತನಕ ಹೋದಳು, ಎರಡು ಸಲವೂ ಉದ್ದಕ್ಕ ತೋಳು ಹಿಡಿದು ಕೂರಿಸಿದಳು. ನನ್ನ ಕೈ ಯಾರೂ ಹಿಡಿಯಬೇಕಾಗಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಕೂಸನ್ನು ಹೆಂಡತಿಯ ಕೈಗೆ ಕೊಟ್ಟು, ಉಳಿದ ಎಂಟು ಮಕ್ಕಳನ್ನು ಶಾಲೆಯಲ್ಲಿ ಬಿಟ್ಟು ಬಂದ, ಸಂಜೆ ಕರೆತರಲು ಹೋಗಲಿಲ್ಲ. ಟೀಚರು ಹಾಜರಿ ಪುಸ್ತಕ ತೆರೆದು, ವಿಳಾಸ ನೋಡಿ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ತಂದು ಅವನ ಜಗಲಿಯ ಮೇಲೇ ನಿಲ್ಲಿಸಿ ಹೋದರು.

ಶುಕ್ರವಾರ ಅವನ ಹೆಂಡತಿ ಲಾಂಡ್ರಿಯ ಗೇಟಿಗೆ ಬಂದಳು. ತಲೆ ಕೆದರಿತ್ತು. ಬಟ್ಟೆಗೆ ಇಸ್ತ್ರಿ ಇರಲಿಲ್ಲ.

"ಕರ್ಕೊಂಡು ಹೋಗ್ರೇ ನಿಮ್ಮ ಪಿಶಾಚಿಗಳನ್ನ! ಮಂಚದ ಕಾಲು ಮುರಿದ್ವು. ಹಾಸಿಗೆಯೆಲ್ಲ ಉಚ್ಚೆ. ಆ ಕೂಸಂತೂ ಒಂದೇ ಸಮ ಅರಚುತ್ತೆ, ಅಕ್ಕಪಕ್ಕದೋರು ಪೊಲೀಸಿಗೆ ಹೇಳ್ತೀವಿ ಅಂತಾರೆ!"

"ಯಾರ ಮಕ್ಕಳಕ್ಕಾ?" ಎಂದಳು ಉದ್ದಕ್ಕ.

"ನಿಮ್ಮವು ಕಣೇ!"

"ಮೆತ್ತಗೆ ಹೇಳಕ್ಕಾ, ಸರ್ಕಾರಕ್ಕೆ ಕೇಳ್ಸುತ್ತೆ."

ಅವಳು ನನ್ನ ಕಡೆ ತಿರುಗಿದಳು. "ನಿನ್ನ ಮಗಳ ಕಿವಿ ನನ್ನ ಹೊಸ ದಿಂಬಿನ ತುಂಬ ಸೋರಿತು. ನಾತ ತಡೀಲಾರದೆ ಚಿಕಿತ್ಸಾಲಯಕ್ಕೆ ಎಳ್ಕೊಂಡು ಹೋದೆ. ಕಾರ್ಡ್ ತೋರಿಸ್ದೆ, ಡಾಕ್ಟರು ಅಲ್ಲೇ ತೊಳೆದು ಔಷಧಿ ಹಾಕಿದ್ರು. ಮುಂದಿನ ವಾರ ಆಪರೇಶನ್ ಅಂತೆ, ಅದಕ್ಕೂ ನಾನೇ ಸಹಿ ಹಾಕ್ದೆ. ಇನ್ನೇನು ಬೇಕೇ ನಿಂಗೆ?"

ನಾನು ಗೇಟಿನ ಸರಳು ಹಿಡಿದುಕೊಂಡೆ. ಎರಡು ವರ್ಷ ನನ್ನನ್ನು ಹೊರಗೆ ನಿಲ್ಲಿಸಿದ ಬಾಗಿಲು. ಅವಳು ಮೂಗು ಮುಚ್ಚಿಕೊಂಡು ಅರ್ಧ ಗಂಟೆಯಲ್ಲಿ ಒಳಗೆ ಹೋಗಿ ಹೊರಗೆ ಬಂದಿದ್ದಳು, ನನ್ನ ಮಗಳಿಗೆ ತಾನು ತಾಯಿಯೆಂದು ಸಹಿ ಹಾಕಿ.

"ಅತ್ಲಾ ಅವಳು?"

"ಅಳೋದಾ? ಕಿರುಚಿದ್ಳು. ಇಡೀ ಚಿಕಿತ್ಸಾಲಯ ಎದ್ದು ಬಂತು."

ಕಿವಿ ಉಳಿಯಿತು ಎಂದು ನಾನು ತಣ್ಣಗಾಗಬೇಕಿತ್ತು. ಹಾಗಾಗಲಿಲ್ಲ. ಅಲ್ಲಿಯವರೆಗೆ ನನಗೆ ಮಗಳ ದುಡ್ಡು ಬೇಕಿತ್ತು. ಆ ಕ್ಷಣದಿಂದ ಮೇಸ್ತ್ರಿಯೇ ಬೇಕಾದ.

ಮೇಸ್ತ್ರಿ ಬಂದದ್ದು ಶನಿವಾರ, ರೋಲರಿನ ಹತ್ತಿರ. ನಾನೂ ಉದ್ದಕ್ಕನೂ ಚಾದರ ಮಡಿಸುತ್ತಿದ್ದೆವು. ಅವನು ನಮ್ಮಿಬ್ಬರ ನಡುವೆ ಸಿಕ್ಕಿ, ನಾವು ಹತ್ತಿರ ಬಂದಾಗೆಲ್ಲ ಪಕ್ಕಕ್ಕೆ ಜಿಗಿಯುತ್ತ ಮಾತಾಡಬೇಕಾಯಿತು. ಎರಡು ದಿನದ ಗಡ್ಡ ಬೆಳೆದಿತ್ತು.

"ಅರ್ಧ ಕೊಡ್ತೀನಿ. ಮುಂದಿನ ತಿಂಗಳಿಂದ."

ನಾವು ಮಡಿಸಿದೆವು.

"ಪೂರ್ತಿ ಕೊಡ್ತೀನಿ. ಹಳೇದೂ ಸೇರ್ಸಿ. ಮಕ್ಕಳನ್ನ ಕರ್ಕೊಂಡು ಹೋಗ್ರಮ್ಮಾ, ಕಾಲಿಗೆ ಬೀಳ್ತೀನಿ."

"ಬೀಳ್ಬೇಡ, ನೆಲ ಒದ್ದೆ ಇದೆ" ಎಂದಳು ಉದ್ದಕ್ಕ.

ಅವನು ನನ್ನ ಕಿವಿಯ ಹತ್ತಿರ ಬಂದ. "ನಿಂಗೊಬ್ಬಳಿಗೇ ಮೊದ್ಲು ಕೊಡ್ತೀನಿ. ಉಳಿದೋರಿಗೆ ಹೇಳ್ಬೇಡ."

ನಾನು ಮೆಷಿನ್ ನಿಲ್ಲಿಸಿದೆ. ಗದ್ದಲ ಇಳಿಯುತ್ತಿದ್ದಂತೆ ಎಲ್ಲ ಹೆಂಗಸರೂ ತಿರುಗಿದರು.

"ಈಗ ಹೇಳು, ಎಲ್ರಿಗೂ ಕೇಳ್ಲಿ" ಎಂದೆ. "ಸೋಮವಾರ ಕಚೇರಿಗೆ ಹೋಗ್ತೀಯ. ಆ ಗುಮಾಸ್ತನ ಎದುರು ನಿಂತು, ಈ ಮಕ್ಕಳು ನನ್ನ ಮನೇಲಿ ಒಂದು ದಿನಾನೂ ಇರಲಿಲ್ಲ, ಸುಳ್ಳು ಹೇಳಿ ತಿಂದೆ ಅಂತ ನಿನ್ನ ಕೈಯಾರೆ ಬರೆದು ಕೊಡ್ತೀಯ. ಆಮೇಲೆ ನಾನೇ ಬಂದು ನನ್ನ ಮಗಳನ್ನ ಕರ್ಕೋತೀನಿ."

"ಜೈಲಿಗೆ ಹಾಕ್ತಾರೆ ಕಣೇ!"

"ಗೊತ್ತು."

"ನಿಮ್ಮ ಗುಟ್ಟೂ ಹೊರಗೆ ಬೀಳುತ್ತೆ. ಸಾಹುಕಾರ ಒದ್ದು ಓಡಿಸ್ತಾನೆ ನಿಮ್ಮನ್ನ."

"ಹನ್ನೆರಡೂ ಜನಾನಾ?" ಉದ್ದಕ್ಕ ಕೇಳಿದಳು. "ನಾಳೆ ಬೆಳಿಗ್ಗೆ ರೋಗಿಗಳನ್ನ ಏನ್ ಹಾಸಿ ಮಲಗಿಸ್ತಾರಂತೆ, ಅವನ ಕೋಟು ಹಾಸ್ತಾರಾ?" ನಗಲೆಂದು ಹೇಳಿದ ಮಾತು. ಯಾರೂ ನಗಲಿಲ್ಲ. ಸಾಹುಕಾರ ಓಡಿಸಬಹುದೆಂದು, ಓಡಿಸಿದರೆ ಹೋಗಲು ಜಾಗವಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೇಸ್ತ್ರಿ ಜೇಬಿಗೆ ಕೈ ಹಾಕಿದ. ಬ್ಯಾಂಕಿನ ಕಾರ್ಡು, ಅದಕ್ಕೆ ರಬ್ಬರು ಸುತ್ತಿ ಸಿಕ್ಕಿಸಿದ ಗುಟ್ಟಿನ ನಂಬರಿನ ಚೀಟಿ. ಎರಡನ್ನೂ ಬಿಸಿ ಚಾದರಗಳ ಅಟ್ಟಿಯ ಮೇಲಿಟ್ಟ.

"ಎಲ್ಲ ಇದ್ರಲ್ಲೇ ಬೀಳೋದು. ಒಂಬತ್ತು ಮಕ್ಕಳದೂ. ನೀವೇ ಇಟ್ಕೊಳ್ರಿ, ನಾನು ಇನ್ನು ಮುಟ್ಟಲ್ಲ. ಕೋಣೇನೂ ಇರುತ್ತೆ, ಕೆಲಸಾನೂ ಇರುತ್ತೆ, ಸಾಹುಕಾರನಿಗೆ ನಾನು ಹೇಳ್ಕೋತೀನಿ. ಬರೆದು ಕೊಡೋದೊಂದು ಬಿಡ್ರಿ. ನಂಗೂ ಮನೆ ಮಠ ಇದೆ ಕಣ್ರೇ."

ಕೈಗೂಸಿನವಳು ಆ ಕಾರ್ಡನ್ನೇ ನೋಡುತ್ತಿದ್ದಳು. ಅವಳ ಎದೆಯ ಮೇಲೆ ಬಟ್ಟೆ ಒದ್ದೆಯಾಗಿ ಹರಡುತ್ತಿತ್ತು. ಉದ್ದಕ್ಕನ ಕೈ ಚಾದರದ ತುದಿ ಬಿಟ್ಟು, ಅಟ್ಟಿಯ ಕಡೆ ಒಂದು ಗೇಣು ಸರಿದು, ಅಲ್ಲೇ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು.

"ತಗೋ, ಮಗಳೇ" ಎಂದ ಮೇಸ್ತ್ರಿ.

"ಬೇಡ" ಎಂದೆ.